ಒಬ್ಬರ ಕೆಲಸಕ್ಕೆ ಇಬ್ಬರು

ತಾಟು ಗೋಡೆಗೆ ಬಡಿದು ಕೆಳಗೆ ಬಿತ್ತು. ಅದರಲ್ಲಿದ್ದ ಬದನೆಕಾಯಿ ಪಲ್ಯ ಕ್ಯಾಲೆಂಡರಿಗೆ ಅಂಟಿಕೊಂಡಿತು. ರೊಟ್ಟಿ ತಣ್ಣಗಾಗಿತ್ತು, ಅಷ್ಟೇ ತಪ್ಪು.

"ಇದು ರೊಟ್ಟಿನೋ ಕೆರವಿನ ಅಟ್ಟಿನೋ?" ಮೈಲಾರೇಶ್ ಎದ್ದು ನಿಂತಿದ್ದ. "ಎಂಟೂವರಿ ಆತು. ಮನ್ಯಾಗ ಐದು ಮಂದಿ ಹೆಂಗಸರು ಅದೀರಿ, ಒಂದು ಬಿಸಿ ರೊಟ್ಟಿಗೆ ಗತಿ ಇಲ್ಲ."

ಅವನ ಹೆಂಡತಿ ಮಂಜಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹಿರಿಯ ಸೊಸೆ ಶಾಂತಕುಮಾರಿ ಕೈ ನಿಲ್ಲಿಸಲಿಲ್ಲ. "ಹೆಂಗಸರ ಹತ್ತು ಕೈ ಎಣಿಸ್ತಿ. ನಿನ್ನವೂ ಎರಡು ಅದಾವಲ್ಲ, ಅವನ್ನೂ ಎಣಿಸು," ಎಂದಳು.

ಮೈಲಾರೇಶ್ ನೀರು ತುಂಬಿದ ಚೊಂಬು ಎತ್ತಿದ. ಮಾತಾಡಿದವಳು ಅತ್ತಿಗೆ, ಚೊಂಬು ಎದ್ದದ್ದು ಹೆಂಡತಿಯ ಮೇಲೆ. ಅಷ್ಟರಲ್ಲಿ ತಾಯಿ ತಿಪ್ಪೇರುದ್ರಮ್ಮ ನಡುವೆ ಬಂದು ನಿಂತಳು. ಶಾಂತಕುಮಾರಿಯೂ ಹಿಟ್ಟಿನ ಕೈಯಲ್ಲೇ ಎದ್ದು ಮಂಜಮ್ಮನ ಮಗ್ಗುಲಿಗೆ ಸರಿದಳು. ಚೊಂಬು ಹಾಗೇ ನೆಲಕ್ಕೆ ಹೋಯಿತು. ಒಲೆಯ ಕಟ್ಟಿಗೆಯನ್ನು ಒದ್ದು, ತನ್ನ ಗೂಡ್ಸ್ ಗಾಡಿ ಹತ್ತಿ ಅವನು ಹೊರಟುಹೋದ.

ಇದನ್ನೆಲ್ಲ ನೋಡುತ್ತಿದ್ದ ಅಕ್ಕ ಯಶೋಧಾ ಚೀಲದಿಂದ ನೋಟ್‌ಬುಕ್ಕು ತೆಗೆದು ಬರೆದುಕೊಂಡಳು: ಎಂಟು ಮೂವತ್ತೆರಡು, ರೊಟ್ಟಿ ಹದಿನೇಳು ನಿಮಿಷ ತಡ. ತಮ್ಮ ತಾಟು ಎಸೆದರೆ ಅಕ್ಕ ಪೆನ್ನು ತೆಗೆಯುತ್ತಾಳೆ! ಓದಿದವರ ಹುಚ್ಚು ಹೀಗೇ. ಆದರೆ ಇವತ್ತು ನೆಲಕ್ಕೆ ಬಿದ್ದ ಚೊಂಬು ನಾಳೆ ಮಂಜಮ್ಮನ ತಲೆಯ ಮೇಲೆ ಬೀಳುತ್ತದೆ, ಬೀಳಗೊಡಬಾರದು ಎಂದು ಅವಳು ಆಗಲೇ ಗಟ್ಟಿ ಮಾಡಿಕೊಂಡಿದ್ದಳು.

ಇಟ್ಟಿಗಿಯ ಈ ಕುರಿ ಸಾಕುವ ಮನೆಯಲ್ಲಿ ಡಾಕ್ಟರೇಟು ಮಾಡಿದವಳು ಯಶೋಧಾ ಒಬ್ಬಳೇ. ಏಳು ವರ್ಷದವಳಿದ್ದಾಗ, ಯಾವ ಮರಿ ಯಾವ ತಾಯಿಯದು ಎಂದು ಅಪ್ಪನಿಗಿಂತ ಮೊದಲು ಹೇಳುತ್ತಿದ್ದಳಂತೆ. ಹದಿನೇಳಕ್ಕೆ ಹಾಸ್ಟೆಲು ಸೇರಿದಳು. ಧಾರವಾಡದಲ್ಲಿ ಗಣಿತ ಓದಿ, ಆಪರೇಷನ್ಸ್ ರಿಸರ್ಚ್ ಎಂಬ ಶಾಖೆಯಲ್ಲಿ ಸಂಶೋಧನೆ ಮಾಡಿದಳು. ಪುಣೆಯ ಒಂದು ಲಾರಿ ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದಳು. ಯಾವ ಲಾರಿ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು ಎಂದು ಸೂತ್ರ ಹಾಕುವುದು ಅವಳ ಕೆಲಸ. ಲಾರಿಗೊಬ್ಬ ಕ್ಲೀನರ್ ಬೇಡ, ಡ್ರೈವರ್ ಒಬ್ಬನೇ ಸಾಕು ಎಂದು ಲೆಕ್ಕ ತೋರಿಸಿ ಬಡ್ತಿ ಪಡೆದಳು. ಮದುವೆಯ ಮಾತು ಬಂದಾಗಲೆಲ್ಲ ಮುಂದಿನ ವರ್ಷ ಅಂದಳು. ಮೂವತ್ತೊಂಬತ್ತನೆಯ ವಯಸ್ಸಿಗೆ ಹಡಗಲಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಊರಿಗೆ ಬಂದಳು. ಅಷ್ಟರಲ್ಲಿ ಅಪ್ಪ ಗೋಡೆಯ ಮೇಲಿನ ಫೋಟೋ ಆಗಿದ್ದ. ಅಣ್ಣ ಗುರುಬಸವರಾಜ ಕುರಿ ಹಿಂಡು ಹೊಡೆದುಕೊಂಡು ದಾವಣಗೆರೆ ಸೀಮೆಯ ಗದ್ದೆ ಬಯಲಿಗೆ ಹೋದರೆ ಯುಗಾದಿಗೇ ಬರುವವನು.

"ಅಲ್ಲಬೇ, ನೀ ಕಲ್ತಿದ್ದರ ಏನು?" ಎಂದು ಮಗಳು ಬಂದ ಹೊಸತರಲ್ಲಿ ತಿಪ್ಪೇರುದ್ರಮ್ಮ ಕೇಳಿದ್ದಳು.

"ಇದ್ದ ಮಂದಿ, ಇದ್ದ ಹೊತ್ತು, ಇದ್ದ ಸಾಮಾನಿನಾಗ ಹೆಚ್ಚು ಕೆಲಸ ಹೆಂಗ ತೆಗಿಯೋದು ಅನ್ನೋದು, ಅವ್ವ."

"ಅದಕ್ಕ ಇಷ್ಟು ವರ್ಷ ಓದಬೇಕಿತ್ತಾ? ಒಂದು ಮನಿಗೆ ಸೊಸಿಯಾಗಿ ಹೋಗಿದ್ರ ಆರು ತಿಂಗಳಾಗ ಕಲೀತಿದ್ದಿ."

ಯಶೋಧಾ ನಕ್ಕಿದ್ದಳು. "ದೊಡ್ಡ ಯುದ್ಧದಾಗ ಬೆಳೆದ ವಿದ್ಯೆ ಇದು. ಹಡಗು ಒಂದೊಂದೇ ಕಳಿಸಬೇಕಾ, ಗುಂಪು ಕಟ್ಟಿ ಕಳಿಸಬೇಕಾ ಅಂತ ಲೆಕ್ಕ ಹಾಕಿದ್ರು. ಗುಂಪು ದೊಡ್ಡದಾದ್ರ ವೈರಿ ಹೊಡೆತಕ್ಕ ಮುಳುಗೋವು ಕಮ್ಮಿ ಅಂತ ಗೊತ್ತಾತು."

"ಒಂಟಿ ಕುರಿ ತೋಳದ ಪಾಲು. ನಿಮ್ಮಪ್ಪನ್ನ ಕೇಳಿದ್ರ ಪುಕ್ಕಟೆ ಹೇಳ್ತಿದ್ದ."

ಈಗ ಆ ವಿದ್ಯೆಯನ್ನು ಮನೆಯ ಮೇಲೆ ಪ್ರಯೋಗಿಸುವ ಕಾಲ ಬಂತು. ಒಂದು ತಿಂಗಳ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಜಗಳಗಳಿದ್ದವು. ಹನ್ನೊಂದು ಜಗಳ ಹತ್ತಿದ್ದು ಊಟ, ಸ್ನಾನದ ನೀರು, ಬುತ್ತಿ ಇಂಥದ್ದೇನಾದರೂ ತಡವಾದ ದಿನ. ತಡ ನಿಂತರೆ ಜಗಳ ನಿಲ್ಲುತ್ತದೆ, ಜಗಳ ನಿಂತರೆ ಚೊಂಬು ಏಳುವುದಿಲ್ಲ. ತಮ್ಮನ ಬಾಯಿ ಜೋರು, ಕೈ ಎತ್ತುತ್ತಾನೆ, ಹೊಡೆಯುವವನಲ್ಲ ಎಂದು ಅವಳು ನಂಬಿದ್ದಳು. ಹೊಡೆದದ್ದನ್ನು ಅವಳು ಕಂಡಿರಲಿಲ್ಲ. ಕುಡಿತವೂ ಇಲ್ಲ ಅವನಿಗೆ. ಊರಲ್ಲಿ ಅವನನ್ನು ಹೊಗಳುವುದು ಆ ಒಂದು ಮಾತಿಗೇ.

ತಡ ಯಾಕಾಗುತ್ತದೆ ಎಂದು ಒಂದು ವಾರ ಗಡಿಯಾರ ಹಿಡಿದು ಕೂತಳು. ಕಾರಣ ಕಣ್ಣಿಗೆ ರಾಚಿತು. ಈ ಮನೆಯಲ್ಲಿ ಒಬ್ಬರು ಮಾಡುವ ಕೆಲಸವನ್ನೆಲ್ಲ ಇಬ್ಬರು ಮಾಡುತ್ತಿದ್ದರು. ರೊಟ್ಟಿಯನ್ನು ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವುದು ಸರಿ. ಆದರೆ ನೀರಿಗೆ ಇಬ್ಬರು, ಹೊಲಕ್ಕೆ ಬುತ್ತಿ ಒಯ್ಯಲು ಇಬ್ಬರು, ಕುರಿದೊಡ್ಡಿಯ ಹಿಕ್ಕಿ ಗುಡಿಸಲು ಇಬ್ಬರು. ಮೈಲಾರೇಶನ ಸ್ನಾನಕ್ಕೆ ಬಿಸಿನೀರು ತೋಡಿಡಲು ಮಂಜಮ್ಮ ಹೋದರೆ, ಟವೆಲು ಹಿಡಿದು ಶಾಂತಕುಮಾರಿಯೋ ಮುದುಕಿಯೋ ಹಿಂದೆಯೇ ನಿಂತಿರುತ್ತಿದ್ದರು. ಪುಣೆಯ ಕಂಪನಿಯಾಗಿದ್ದರೆ ಒಂದೇ ದಿನದಲ್ಲಿ ಬೀಗ ಬೀಳುತ್ತಿತ್ತು.

"ಜೋಡಿ ಬಿಡಸಬ್ಯಾಡ," ಎಂದಳು ತಿಪ್ಪೇರುದ್ರಮ್ಮ.

"ಯಾಕವ್ವ? ಕಾರಣ ಹೇಳು."

"ಕಾರಣ ಏನೈತಿ? ನಮ್ಮತ್ತಿ ಹಾಕಿದ ಪದ್ಧತಿ. ಜೋಡಿ ಹೋದ್ರ ಕೆಲಸ ಹಗುರ."

"ಹಗುರ ಅಲ್ಲ, ದುಪ್ಪಟ್ಟು. ಶಾಂತತ್ತಿಗಿಗೆ ಹೊಲಿಗಿ ಮಷೀನು ತುಳಿಯಾಕ ಪುರಸೊತ್ತಿಲ್ಲ. ಆಕಿ ಮಗಳು ಚಂದನಾ ಪಿಯುಸಿ ಪರೀಕ್ಷಿ ಬರಿಯಾಕಿ, ಓದಾಕ ಹೊತ್ತಿಲ್ಲ. ಎಲ್ಲಾರಿಗೂ ದಿನಕ್ಕ ಎರಡು ತಾಸು ಉಳಿಸಿ ಕೊಡ್ತೀನಿ. ರೊಟ್ಟೀನೂ ಬಿಸಿ ಇರತೈತಿ."

ತಿಪ್ಪೇರುದ್ರಮ್ಮ ಗಂಡನ ಫೋಟೋದ ಕಡೆ ನೋಡಿದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಹಣೆಯ ಬಲಗಡೆ ಅವಳಿಗೊಂದು ಹಳೆಯ ಗಾಯವಿತ್ತು. ಬಾಗಿಲು ಬಡಿದದ್ದು ಎಂದು ಮಕ್ಕಳಿಗೆಲ್ಲ ಗೊತ್ತಿತ್ತು. "ನೀ ಓದಿದಾಕಿ," ಎಂದಳು.

ಶಾಂತಕುಮಾರಿಗೂ ಜೋಡಿಯ ಗುಟ್ಟು ಗೊತ್ತಿತ್ತು. ಆದರೆ ಎರಡು ತಾಸಿನ ಆಸೆ ದೊಡ್ಡದು. ಮಷೀನು ಕೊಂಡು ವರ್ಷವಾಗಿತ್ತು, ಅದರ ಮೇಲೆ ಬಟ್ಟೆಗಿಂತ ಧೂಳೇ ಹೆಚ್ಚು ಬಿದ್ದಿತ್ತು. ಈಗೀಗ ಅಂವ ಸುಧಾರಿಸ್ಯಾನ ಎಂದು ತನಗೆ ತಾನೇ ಹೇಳಿಕೊಂಡಳು.

ಪಟ್ಟಿ ತಯಾರಾಯಿತು. ಶಾಂತಕುಮಾರಿಯ ಮಗಳು ಚಂದನಾ ಅದನ್ನು ಬಣ್ಣದ ಪೆನ್ನಿನಲ್ಲಿ ಬರೆದು ಅಡಿಗೆಮನೆಯ ಬಾಗಿಲ ಪಕ್ಕ ಅಂಟಿಸಿದಳು. ಒಬ್ಬೊಬ್ಬರ ಹೆಸರು, ಕೆಲಸ, ಹೊತ್ತು. ದೊಡ್ಡಿಯ ಸಾಲು ಯಶೋಧಾಳಿಗೆ ಬಹಳ ಹಿಡಿಸಿತ್ತು. ಮನೆಯಿಂದ ಇನ್ನೂರು ಹೆಜ್ಜೆ ಆಚೆಗಿನ ದೊಡ್ಡಿಯಲ್ಲಿ ಹಿಂಡಿನ ಜೊತೆ ಹೋಗದ ಮರಿಗಳು, ನಿತ್ರಾಣದ ಕುರಿಗಳು ಇರುತ್ತಿದ್ದವು. ಬೆಳಿಗ್ಗೆ ಆರು ಹತ್ತಕ್ಕೆ ಮೈಲಾರೇಶ್ ಅಲ್ಲಿ ಗಾಡಿಯಿಂದ ಶೇಂಗಾ ಹೊಟ್ಟು ಇಳಿಸಬೇಕು, ಅದೇ ಹೊತ್ತಿಗೆ ಮಂಜಮ್ಮ ಒಬ್ಬಳೇ ಗುಡಿಸಬೇಕು. ಮೂವತ್ತೈದು ನಿಮಿಷ. ಗಂಡಹೆಂಡತಿ ನಾಲ್ಕು ಮಾತಾದರೂ ಆಡಿಕೊಳ್ಳಲಿ ಎಂದು ಬೇರೆ ಅಂದುಕೊಂಡಳು.

ಮಂಜಮ್ಮ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. "ಅಕ್ಕಾ, ದೊಡ್ಡಿಗೆ ನಾನೊಬ್ಬಾಕಿನಾ?"

"ಮೂವತ್ತೈದು ನಿಮಿಷದ ಕೆಲಸ. ಇನ್ನೊಬ್ಬರು ಯಾಕ?"

ಮಂಜಮ್ಮ ತಿಪ್ಪೇರುದ್ರಮ್ಮನ ಮುಖ ನೋಡಿದಳು. ಮುದುಕಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಏನಿಲ್ಲಕ್ಕ," ಎಂದು ಮಂಜಮ್ಮ ಪೊರಕೆ ತೆಗೆದುಕೊಂಡಳು.

ಮೊದಲ ವಾರ ಮನೆ ಗಡಿಯಾರದಂತೆ ನಡೆಯಿತು. ರೊಟ್ಟಿ ಬಿಸಿ, ನೀರು ಬಿಸಿ. ಶಾಂತಕುಮಾರಿಯ ಮಷೀನು ಮಧ್ಯಾಹ್ನವೆಲ್ಲ ಸದ್ದು ಮಾಡಿತು. ಮೈಲಾರೇಶ್ ಬಾಯಿ ತೆರೆಯಲಿಲ್ಲ. ಜಗಳದ ಕಾಲಮ್ಮಿನಲ್ಲಿ ಯಶೋಧಾ ಏಳು ಸೊನ್ನೆ ಬರೆದಳು.

ಎರಡನೆಯ ವಾರ ಚಂದನಾ ಒಂದು ಚೇಷ್ಟೆ ಮಾಡಿದಳು. ಪಟ್ಟಿಯ ಕೆಳಗೆ ಎಲ್ಲರ ದುಡಿಮೆಯನ್ನೂ ಕೂಡಿಸಿ ಬರೆದಳು. ಮನೆಗೆಲಸದಲ್ಲಿ ಮಂಜಮ್ಮನದು ದಿನಕ್ಕೆ ಒಂಬತ್ತು ತಾಸು, ಮೈಲಾರೇಶನದು ಇಪ್ಪತ್ತೈದು ನಿಮಿಷ. ಹಾಲು ಒಯ್ಯಲು ಬಂದ ಓಣಿಯ ಗಾದೆಮ್ಮ ಅದನ್ನು ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು. "ಏನ್ ಮೈಲಾರಣ್ಣ, ಇಪ್ಪತ್ತೈದು ನಿಮಿಷ ದುಡಿದು ಬೆವರು ಬಂತಾ?"

ಮೈಲಾರೇಶನೂ ನಕ್ಕ. ಸಂಬಳ ತರುವ ಅಕ್ಕನಿಗೆ ಏನು ಹೇಳಿಯಾನು?

ಮರುದಿನ ಮಂಜಮ್ಮನ ಕೆನ್ನೆಯ ಮೂಳೆಯ ಮೇಲೆ ನೇರಳೆಹಣ್ಣಿನಷ್ಟು ಬಾವು.

"ಏನಾತಬೇ?" ಎಂದು ಯಶೋಧಾ ಕೇಳಿದಳು.

"ಟಗರು ಗುದ್ದಿತಕ್ಕ."

"ಆ ದೊಡ್ಡ್ಯಾಗ ಇರೋವು ಮರಿ," ಎಂದಳು ತಿಪ್ಪೇರುದ್ರಮ್ಮ ಮೂಲೆಯಿಂದ. "ನಾಳಿಂದ ಶಾಂತಿನೂ ಹೋಗ್ಲಿ."

"ಅತ್ತಿ, ಸಂತಿ ದಿನಕ್ಕ ಆರು ಕುಪ್ಪಸ ಒಪ್ಪಿಕೊಂಡೀನಿ," ಎಂದು ಶಾಂತಕುಮಾರಿ ಮಷೀನಿನ ಮೇಲಿಂದ ಹೇಳಿದಳು. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾಲ್ಕು ಸಲ ತಪ್ಪಿತು.

ಮೂರನೆಯ ವಾರ ಮಂಜಮ್ಮನ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಬೆಂಡೋಲೆ ಬೇಲಿಗೆ ಸಿಕ್ಕಿತು ಎಂದಳು. ಕುಪ್ಪಸದ ಭುಜವೆಲ್ಲ ರಕ್ತ. ಯಶೋಧಾ ಅರಿಶಿನ ಒತ್ತಿದಳು, ಬಸ್ಸಿಗೆ ಹೊತ್ತಾದರೂ ಕೂತಳು. ಈ ಹೆಣ್ಣುಮಗಳಿಗೆ ಸುಸ್ತು ಹೆಚ್ಚಾಗಿ ಎಡವುತ್ತಿದ್ದಾಳೆ ಎಂದು ಅವಳ ಲೆಕ್ಕ ಹೇಳಿತು. ಅಂದು ಸಂಜೆಯೇ ಪಟ್ಟಿ ತಿದ್ದಿದಳು. ಮಂಜಮ್ಮನ ಹೆಸರಿನ ಮುಂದಿನಿಂದ ನೀರು ತೆಗೆದಳು, ಬುತ್ತಿ ತೆಗೆದಳು, ಹಗುರದ ಕೆಲಸ ಅಂತ ದೊಡ್ಡಿಯನ್ನು ಮಾತ್ರ ಉಳಿಸಿದಳು. ಬುದ್ಧಿವಂತರು ಬಾವಿಗೆ ಬಿದ್ದರೆ ಅಳತೆ ಮಾಡಿಕೊಂಡೇ ಬೀಳುತ್ತಾರೆ. ಇಲ್ಲಿ ಬಿದ್ದವಳು ಅವಳಲ್ಲ, ಅದೇ ಹೊಟ್ಟೆ ಉರಿಸುವ ಮಾತು.

ನಾಲ್ಕನೆಯ ವಾರದ ಗುರುವಾರ ಆರೂ ನಲವತ್ತಕ್ಕೆ ದೊಡ್ಡಿಯಿಂದ ಕೂಗು ಬಂತು. ಬಾಯಿಪಾಠ ಮಾಡುತ್ತ ಅಂಗಳದಲ್ಲಿ ತಿರುಗುತ್ತಿದ್ದ ಚಂದನಾ ಓಡಿದಳು. ಮೈಲಾರೇಶ್ ದೊಡ್ಡಿಯ ಬಾಗಿಲಿಗೆ ಅಡ್ಡ ಹಾಕುವ ಗಳವನ್ನು ಕೈಯಲ್ಲಿ ಹಿಡಿದಿದ್ದ. ಮಂಜಮ್ಮ ಹಿಕ್ಕಿಯ ಗುಡ್ಡೆಯ ಮೇಲೆ ಬಿದ್ದಿದ್ದಳು. ಅವಳ ಬಲಗೈ ಮೊಣಕೈಯ ಕೆಳಗೆ ಬಾಗಬಾರದ ಜಾಗದಲ್ಲಿ ಬಾಗಿತ್ತು. ಚಂದನಾಳನ್ನು ನೋಡಿದೊಡನೆ ಮೈಲಾರೇಶ್ ಗಳ ಬಿಸಾಕಿದ. "ಬಿದ್ದಾಳ. ಜಾರಿ ಬಿದ್ದಾಳ, ನಿಮ್ಮತ್ತೀನ ಕರಿ," ಎಂದು ಗಾಡಿ ಹತ್ತಿದ.

"ನೋಡೀನಿ ಚಿಗಪ್ಪ, ನಾ ನೋಡೀನಿ!" ಎಂದು ಹುಡುಗಿ ಚೀರಿದಳು.

ಹಡಗಲಿಯ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸುವ ಹೊತ್ತಿಗೆ ಮಧ್ಯಾಹ್ನ. ಹೊರಗಿನ ಬೆಂಚಿನ ಮೇಲೆ ತಾಯಿಮಗಳು ಕೂತಿದ್ದರು. ಬುತ್ತಿ ಬಿಚ್ಚಿದರೂ ಯಾರೂ ತಿನ್ನಲಿಲ್ಲ.

"ನಿಂಗ ಗೊತ್ತಿತ್ತಾ ಅವ್ವ?"

ತಿಪ್ಪೇರುದ್ರಮ್ಮ ಸೆರಗು ಸರಿಸಿ ಹಣೆ ತೋರಿಸಿದಳು. "ಇದು ಬಾಗಲಾ ಬಡಿದಿದ್ದಲ್ಲ. ನಿಮ್ಮಪ್ಪ ಕುಡಗೋಲು ಬೀಸಿದ್ದು. ಅವತ್ತಿಂದ ನಮ್ಮತ್ತಿ ನನ್ನ ಒಬ್ಬಾಕಿನ್ನ ಎಲ್ಲೂ ಬಿಡಲಿಲ್ಲ. ನೀರಿಗೆ ಹೋದ್ರ ಬಂದ್ಲು, ಹೊಲಕ್ಕ ಹೋದ್ರ ಬಂದ್ಲು. ಇಬ್ಬರ ಮುಂದ ಕೈ ಎತ್ತತಿದ್ದ, ಇಳಿಸಾಕ ನಾಚತಿದ್ದ. ಮಗನೂ ಹಂಗ. ಅದಕ್ಕ ಜೋಡಿ ಹಾಕಿದ್ದೆ, ರಾತ್ರಿ ಅವರ ಬಾಗಲಾಗ ನಾನ ಮಲಗತಿದ್ದೆ."

"ಮೊದ್ಲೇ ಯಾಕ ಹೇಳಲಿಲ್ಲ?" ಯಶೋಧಾಳ ದನಿಗೆ ಕಾಂಪೌಂಡಿನ ಜನ ತಿರುಗಿ ನೋಡಿದರು. "ಕಾರಣ ಹೇಳು ಅಂತ ಕೇಳಿದ್ನಲ್ಲ ನಿನ್ನ!"

"ಹೊಟ್ಟ್ಯಾಗ ಹುಟ್ಟಿದಂವ ಕಳ್ಳ ಅಂತ ಹೇಳಬೌದು. ಹೆಂಡ್ತೀನ ಬಡಿತಾನ ಅಂತ ಹಡೆದಾಕಿ ಹೆಂಗ ಹೇಳ್ಲಿ? ನೀ ನಿಮ್ಮಪ್ಪನ್ನ ದೇವ್ರು ಅಂತಿದ್ದಿ. ಆ ದೇವ್ರನ್ನ ಹೆಂಗ ಕೆಡವಲಿ?" ಮುದುಕಿ ಅಳತೊಡಗಿದಳು. "ತಪ್ಪಾತು. ಬಾಯಿ ಬಿಟ್ಟಿದ್ರ ಆ ಹುಡುಗಿ ಕೈ ಉಳೀತಿತ್ತು."

ಯಶೋಧಾ ನೋಟ್‌ಬುಕ್ಕು ತೆರೆದು ಗಾಯಗಳನ್ನು ದಿನ, ಹೊತ್ತಿನ ಸಮೇತ ಬರೆದಳು. ಕೆನ್ನೆಯ ಬಾವು, ಕಿವಿ, ಕೈ. ಮೂರೂ ಆರು ಹತ್ತರಿಂದ ಆರೂ ನಲವತ್ತೈದರ ಒಳಗೆ. ಅವಳೇ ಆರಿಸಿ ಕೊಟ್ಟ ಹೊತ್ತು, ಅವಳೇ ಆರಿಸಿ ಕೊಟ್ಟ ಜಾಗ. ಇಷ್ಟು ದಿನ ಬಯ್ಗುಳವನ್ನು ಎಣಿಸಿದ್ದಳು, ಏಟನ್ನು ಎಣಿಸಿರಲಿಲ್ಲ. ಒಂಟಿ ಹಡಗಿನ ಪಾಠವನ್ನು ಇದೇ ಸೋಮವಾರ ತರಗತಿಯಲ್ಲಿ ನಕ್ಷೆ ಬರೆದು ಹೇಳಿಬಂದಿದ್ದಳು. ಆ ಪುಟವನ್ನು ಹರಿಯಲು ಹೋದಳು, ಹರಿಯಲಿಲ್ಲ. ನಾಳೆ ಬೇಕಾಗುತ್ತದೆ ಎಂದು ಮಡಚಿಟ್ಟಳು.

ದಾವಣಗೆರೆಯ ಕಡೆಯಿಂದ ಗುರುಬಸವರಾಜನ ಫೋನು ಬಂತು. "ಮನಿ ಮಾತು ಮನ್ಯಾಗ ಇರ್ಲಿ. ನಾ ಬಂದ ಮ್ಯಾಲ ಕುಂತು ಮಾತಾಡಣು."

"ನೀ ಬರೋದು ಯುಗಾದಿಗೆ. ಕೈ ಮುರಿದಿದ್ದು ಇವತ್ತು," ಎಂದು ಶಾಂತಕುಮಾರಿ ಫೋನಿಟ್ಟಳು. ಆಮೇಲೆ ಮಷೀನಿಗೆ ಗವುಸು ಹಾಕಿದಳು. ಅರ್ಧ ಹೊಲಿದ ಕುಪ್ಪಸವನ್ನು ಎತ್ತಿ ಇಡಲೂ ಇಲ್ಲ.

ಮೈಲಾರೇಶ್ ರಾತ್ರಿ ಮನೆಗೆ ಬರಲಿಲ್ಲ. ಗಾಡಿಯಲ್ಲೇ ಮಲಗಿದ್ದು, ಶುಕ್ರವಾರ ಬೆಳಿಗ್ಗೆ ಏನೂ ಆಗದವನಂತೆ ಹೊಟ್ಟಿನ ಚೀಲದ ಜೊತೆ ದೊಡ್ಡಿಗೆ ಬಂದ. ಅಲ್ಲಿ ಪೊರಕೆ ಹಿಡಿದು ನಿಂತವಳು ಯಶೋಧಾ.

"ನೀ ಯಾಕ ಬಂದಿ?"

"ಇದು ನಾ ಬರೆದ ಸಾಲು. ಹೆಂಗೈತಿ ಅಂತ ನಿಂತು ನೋಡಬೇಕಾಗಿತ್ತು. ಯಾಕ ಬಡಿದೆ ಆಕಿನ್ನ?"

"ನನ್ನ ಹೆಂಡ್ತಿ. ನೀ ಲಗ್ನ ಆಗದಾಕಿ, ನಿಂಗೇನು ತಿಳಿತೈತಿ? ಗ್ವಾಡಿ ಮ್ಯಾಲ ನನ್ನ ಮಾನ ಅಂಟಿಸಿದ್ಯಲ್ಲ, ಊರೆಲ್ಲ ನಗತೈತಿ!"

"ಅಂಟಿಸಿದಾಕಿ ನಾನು. ನನ್ನ ಬಡಿಬೇಕಿತ್ತು. ಬಡಿ."

ಅವನು ಬಡಿದೇಬಿಟ್ಟ. ಮೊದಲ ಏಟಿಗೆ ತುಟಿ ಒಡೆಯಿತು. ಆಮೇಲೆ ಜಡೆ ಹಿಡಿದು ಅವಳ ತಲೆಯನ್ನು ಕಂಬಕ್ಕೆ ಅಪ್ಪಳಿಸಿದ. ಮರಿಗಳು ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು. ಎರಡನೆಯ ಸಲ ಅಪ್ಪಳಿಸುವ ಮೊದಲು ಹಿಂದಿನಿಂದ ಅವನ ತಲೆಯ ಮೇಲೆ ಒಂದು ಕರಿ ಕಂಬಳಿ ಬಿತ್ತು.

ಮಗಳು ಒಬ್ಬಳೇ ಹೊರಟದ್ದನ್ನು ನೋಡಿ ತಿಪ್ಪೇರುದ್ರಮ್ಮ ಎಲ್ಲರನ್ನೂ ಎಬ್ಬಿಸಿಕೊಂಡು ಬಂದಿದ್ದಳು. ಉಣ್ಣೆ ಕತ್ತರಿಸುವ ಕಾಲಕ್ಕೆ ಎಷ್ಟೋ ಟಗರು ಕೆಡವಿದ ಕೈ ಅದು. "ಶಾಂತಿ, ಹಿಂಗಾಲು! ಚಂದನಾ, ಹಗ್ಗ ತಾ!" ಎಂದು ಮಗನ ಕತ್ತನ್ನು ಕಂಕುಳಲ್ಲಿ ಹಿಡಿದು, ಮೊಣಕಾಲು ಬೆನ್ನಿಗೆ ಕೊಟ್ಟು ಕೆಡವಿದಳು. ಅವನು ಒದ್ದ ಒದೆತಕ್ಕೆ ಶಾಂತಕುಮಾರಿಯ ಬಳೆಗಳು ಚೂರಾಗಿ ಕೈಗೆ ನೆಟ್ಟವು, ಅವಳು ಕಾಲು ಬಿಡಲಿಲ್ಲ. ಯಶೋಧಾ ರಕ್ತದ ಬಾಯಲ್ಲೇ ಅವನ ಮೇಲೆ ಬಿದ್ದಳು. ಕುರಿಯ ಕಾಲು ಕಟ್ಟುವ ಹಾಗೆ ಕೈ ಎರಡು, ಕಾಲು ಎರಡು ಕೂಡಿಸಿ ಕಟ್ಟಿದರು.

ಆಗ ಮಂಜಮ್ಮ ಬಂದಳು. ಬಲಗೈ ಕೊರಳಿಗೆ ಜೋತುಬಿದ್ದಿತ್ತು. ನಿನ್ನೆಯ ಗಳ ಅಲ್ಲೇ ಬಿದ್ದಿತ್ತು. ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಗಂಡನ ಎದುರಿಗೆ ನಿಂತಳು.

"ಏ ಮಂಜಿ, ಏ... ಯವ್ವಾ, ಆಕಿಗೆ ಹೇಳಬೇ!"

"ನಾ ನಡುವ ಬರಾಕಿಲ್ಲ," ಎಂದಳು ತಿಪ್ಪೇರುದ್ರಮ್ಮ.

ಮಂಜಮ್ಮ ಒಂದೇ ಏಟು ಹಾಕಿದಳು, ಭುಜಕ್ಕೆ. ಎಡಗೈಯ ಏಟು, ಅಷ್ಟೇನು ಬಲವಿರಲಿಲ್ಲ. ಮೈಲಾರೇಶ್ ಮಾತ್ರ ಓಣಿಯೆಲ್ಲ ಕೇಳುವಂತೆ ಅರಚಿದ. ಮಂಜಮ್ಮ ಗಳ ಬಿಟ್ಟು ಹಿಕ್ಕಿಯ ಮೇಲೆಯೇ ಕೂತು, ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ದನಿ ತೆಗೆದು ಅತ್ತಳು.

ಓಣಿಯ ಗಂಡಸರು ಬಂದು ಬಿಚ್ಚಲು ನೋಡಿದರು. "ನಾವು ಠಾಣೆಗೆ ಹೋಗಿ ಬರೋತನಕ ಯಾರೂ ಮುಟ್ಟಬ್ಯಾಡ್ರಿ," ಎಂದು ತಿಪ್ಪೇರುದ್ರಮ್ಮ ಗಾದೆಮ್ಮನನ್ನು ಅಲ್ಲಿ ಕಾವಲಿಟ್ಟಳು. ಗಾದೆಮ್ಮ ತನ್ನ ಸೊಸೆಯನ್ನೂ ಜೊತೆಗೆ ಕೂಡಿಸಿಕೊಂಡಳು.

ಠಾಣೆಯಲ್ಲಿ ಐದು ಮಂದಿ ಹೆಂಗಸರು ಒಟ್ಟಿಗೆ ಒಳಗೆ ಬಂದದ್ದನ್ನು ನೋಡಿ ಹವಾಲ್ದಾರ ಚಹದ ಲೋಟ ಕೆಳಗಿಟ್ಟ. ಯಶೋಧಾ ಮಡಚಿಟ್ಟ ಪುಟ ಬಿಚ್ಚಿ ಮೇಜಿನ ಮೇಲೆ ಹರಡಿದಳು. ದಿನ, ಹೊತ್ತು, ಗಾಯ. ಅವನು ಅದನ್ನು ಎರಡು ಸಲ ಓದಿದ.

"ದೂರು ಯಾರ್ದು?"

"ನಂದು," ಎಂದಳು ಮಂಜಮ್ಮ.

"ನಾವೂ ಅವಗ ಒಂದು ಏಟು ಹಾಕೀವಿ," ಎಂದಳು ತಿಪ್ಪೇರುದ್ರಮ್ಮ. "ಅದನ್ನೂ ಬರ್ಕೋರಿ."

"ಆತು ಬೇ. ಈಗ ದೂರು ಕೊಟ್ಟಾಕಿ ಇರ್ಲಿ, ಉಳಿದೋರು ಹೊರಗ ಕುಂದರ್ರಿ. ಸಹಿ ಮಾಡೋದು ಒಬ್ಬರ ಕೆಲಸ, ಐದು ಮಂದಿ ಯಾಕ?"

ತಿಪ್ಪೇರುದ್ರಮ್ಮ ಮಗಳ ಕಡೆ ತಿರುಗಿದಳು.

"ಐದೂ ಮಂದಿ ಬೇಕ್ರಿ," ಎಂದಳು ಯಶೋಧಾ. ಒಡೆದ ತುಟಿಯಿಂದ ಮಾತು ತೊದಲುತ್ತಿತ್ತು.

ಬಲಗೈ ಏಳದ್ದರಿಂದ ಮಂಜಮ್ಮ ಎಡಗೈ ಹೆಬ್ಬೆಟ್ಟು ಒತ್ತಬೇಕಾಯಿತು. ಚಂದನಾ ಮಸಿಯ ಡಬ್ಬಿ ಹಿಡಿದಳು. ಶಾಂತಕುಮಾರಿ ಕಾಗದ ಜರುಗದಂತೆ ಒತ್ತಿಹಿಡಿದಳು. ತಿಪ್ಪೇರುದ್ರಮ್ಮ ಸೊಸೆಯ ಮೊಣಕೈಗೆ ತನ್ನ ಅಂಗೈ ಕೊಟ್ಟಳು. ಯಶೋಧಾಳಿಗೆ ಅಲ್ಲಿ ಯಾವ ಕೆಲಸವೂ ಉಳಿದಿರಲಿಲ್ಲ. ಅವಳು ಸುಮ್ಮನೆ ಮಂಜಮ್ಮನ ಮಗ್ಗುಲಿಗೆ ನಿಂತಳು.